ಯಾರದು ಅಂದರೆ ನಾನೇ

ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈ ವಾಯ್ಸ್ ನೋಟನ್ನು ಇಲ್ಲಿಗೇ ನಿಲ್ಲಿಸಿ ತಮ್ಮ ತಮ್ಮ ಕೆಲಸ ನೋಡಿಕೊಳ್ಳಬಹುದು. ಹೋದ ವಾರ ಯಾರೋ ಒಬ್ಬರು ಗುಂಪಿನಲ್ಲಿ ಬರೆದಿದ್ದರು, ತಾತನಿಗೆ ಬೆಳಿಗ್ಗೆ ಮಾತ್ರೆ ನುಂಗಿದ್ದೇ ನೆನಪಿರೋಲ್ಲ, ನಲವತ್ತು ವರ್ಷದ ಹಿಂದಿನ ವೈರಸ್ಸಿನ ಕಥೆ ಹೇಳೋಕೆ ಹೊರಟಿದ್ದಾರೆ ಅಂತ. ಅಲ್ಲ ಕಣ್ರಯ್ಯಾ, ಮಾತ್ರೆಯನ್ನು ನೆನಪಿಟ್ಟುಕೊಳ್ಳುವುದಕ್ಕೆ ಅದರಲ್ಲಿ ಏನಿದೆ? ಬಿಳೀ ಗುಂಡು, ನುಂಗಿದರೆ ಮುಗಿಯಿತು. ನೆನಪಿನಲ್ಲಿ ಉಳಿಯುವುದಕ್ಕೂ ಒಂದು ಯೋಗ್ಯತೆ ಬೇಕು. ಆ ಕಟ್ಟಡದ ಫ್ರಿಜ್ಜುಗಳನ್ನು ಹದಿನೇಳು ವರ್ಷ ರಿಪೇರಿ ಮಾಡಿದವನು ಮಾತಾಡುತ್ತಿದ್ದೇನೆ, ಅಷ್ಟು ತಿಳಿದಿದ್ದರೆ ಸಾಕು. ಕಥೆ ನನ್ನದಲ್ಲ, ಸ್ಲೈಡಕ್ಕನದು. ಅವಳ ಬಾಯಿಂದಲೇ ಕೇಳಿದ್ದು, ಒಂದು ಸಲ ಅಲ್ಲ, ನೂರು ಸಲ.

ಅದು ದನ ಕುರಿಗಳ ರೋಗ ಪರೀಕ್ಷೆ ಮಾಡುವ ಪ್ರಯೋಗಾಲಯ. ಮೂರು ಅಂತಸ್ತು. ಒಳಗೆ ಕಾಲಿಟ್ಟರೆ ಸ್ಪಿರಿಟ್ಟು, ಕುದಿಸಿದ ರಬ್ಬರು, ಮೊಲದ ಗೂಡಿನ ಒಣಹುಲ್ಲು, ಮೂರೂ ಸೇರಿದ ಒಂದು ವಾಸನೆ. ಈಗ ಎಲ್ಲಾದರೂ ಅಂಥ ವಾಸನೆ ಬಂದರೆ ನಿಂತು ಒಂದು ಸಲ ಮೂಸಿ ನೋಡಿಯೇ ಮುಂದೆ ಹೋಗುತ್ತೇನೆ. ಎರಡನೇ ಅಂತಸ್ತಿನ ಕೊನೆಯಲ್ಲಿ ಕತ್ತಲೆ ಕೋಣೆ. ಬಾಗಿಲಿಗೆ ಕಂಬಳಿಯಷ್ಟು ದಪ್ಪದ ಕಪ್ಪು ಪರದೆ. ಒಳಗೆ ಒಂದೇ ಒಂದು ಮೈಕ್ರೋಸ್ಕೋಪು. ಅದರ ದೀಪಕ್ಕೆ ಮಹಾರಾಜನ ಸೊಕ್ಕು. ಹಚ್ಚಿದರೆ ಕಾಲು ಗಂಟೆ ಕಾಯಬೇಕು, ಒಮ್ಮೆ ಆರಿಸಿದರೆ ಅರ್ಧ ಗಂಟೆ ಮುಟ್ಟುವ ಹಾಗಿಲ್ಲ. ಆ ಕೋಣೆಯ ಒಡತಿ ಸ್ಲೈಡಕ್ಕ.

ಹತ್ತೊಂಬತ್ತು ವರ್ಷದಿಂದ ಅವಳು ಸ್ಲೈಡು ಅನ್ನುವ ಗಾಜಿನ ಪಟ್ಟಿಗಳ ಮೇಲೆ ಜೀವಕೋಶ ಕೂರಿಸುವುದು, ಬಣ್ಣ ಹಚ್ಚುವುದು, ನೋಡುವುದು, ನೋಡಿದ್ದನ್ನು ರಿಜಿಸ್ಟರಿನಲ್ಲಿ ಬರೆಯುವುದು, ಇಷ್ಟನ್ನೇ ಮಾಡಿಕೊಂಡು ಬಂದಿದ್ದಳು. ಓದಿದ್ದು ಹೈಸ್ಕೂಲು. ಆದರೆ ಸ್ಲೈಡನ್ನು ಅಂಚಿನಲ್ಲಿ ಹಿಡಿದು ನಿಂತಳೆಂದರೆ ಉಸಿರು ಕೂಡ ಅಪ್ಪಣೆ ಕೇಳಿ ಬರಬೇಕು. ಮನೆಗೆ ಹೋದರೆ ಅತ್ತೆಯ ಪ್ರಶ್ನೆ ಒಂದೇ, ಇವತ್ತು ಎಷ್ಟು ಗಾಜು ಒಡೆದೆ? ಹತ್ತೊಂಬತ್ತು ವರ್ಷವೂ ಅದೇ ಪ್ರಶ್ನೆ. ಅತ್ತೆಯ ಮಟ್ಟಿಗೆ ಸೊಸೆ ಎಲ್ಲೋ ಲೋಟ ತೊಳೆಯುವ ಕೆಲಸದಲ್ಲಿದ್ದಳು.

ಕೆಲಸ ಕೊಡಿಸಿದ್ದು ಅವಳ ಸೋದರಮಾವ, ಅದೇ ಕಟ್ಟಡದ ಬಾಗಿಲು ಕಾಯುವವನು. ಅವನನ್ನು ಇಡೀ ಕಟ್ಟಡವೇ ಮಾವ ಅನ್ನುತ್ತಿತ್ತು. ಕಿವಿ ಸ್ವಲ್ಪ ದೂರ, ಕಣ್ಣು ಇನ್ನೂ ಸ್ವಲ್ಪ ದೂರ. ಬಾಗಿಲ ಹಿಂದೆ ಸ್ಟೂಲಿನ ಮೇಲೆ ಕೂತು, ಯಾರಾದರೂ ಬಾಗಿಲು ತಟ್ಟಿದರೆ ಒಳಗಿನಿಂದಲೇ ಕೇಳುವುದು, ಯಾರದು? ಹೊರಗಿನವರು ಅನ್ನುವುದು, ನಾನೇ. ಮಾವ ಚಿಲಕ ತೆಗೆಯುವುದು. ನೀವೇ ಯೋಚನೆ ಮಾಡಿ, ನಮ್ಮ ಜನರಲ್ಲಿ ಯಾರದು ಅಂದರೆ ಹೆಸರು ಹೇಳುವವರು ಯಾರಿದ್ದಾರೆ? ಎಲ್ಲರೂ ನಾನೇ. ಕೇಳಿದವರಿಗೂ ಅಷ್ಟೇ ಸಾಕು. ನಾನೇ ಅಂದಮೇಲೆ ನಮ್ಮವನೇ.

ಆ ವರ್ಷ ಪ್ರಯೋಗಾಲಯದ ಡಾಕ್ಟರುಗಳು ಪರೀಕ್ಷೆಗೆ ಹಿಡಿದಿದ್ದು ಕುರಿಗಳಿಗೆ ಮೈತುಂಬ ಬೊಬ್ಬೆ ಎಬ್ಬಿಸುವ ಒಂದು ವೈರಸ್ಸನ್ನು. ವೈರಸ್ಸನ್ನು ಕುರಿಯ ಕೋಶದಲ್ಲಿ ಬೆಳೆಸಿ, ಅದು ಮಾಡುವ ಪ್ರೋಟೀನುಗಳಲ್ಲಿ ಒಂದನ್ನು ಬೇರೆ ಮಾಡಿ, ತೊಳೆದು ಶುದ್ಧಮಾಡಿ, ಮೊಲಕ್ಕೆ ಚುಚ್ಚುತ್ತಿದ್ದರು. ಆ ವರ್ಷ ತೊಳೆಯುವ ಕೆಲಸವೂ ಸ್ಲೈಡಕ್ಕನ ಪಾಲಿಗೇ ಬಂದಿತ್ತು. ಮೊಲದ ಮೈ ಇದು ನನ್ನದಲ್ಲ ಎಂದು ಗುರುತಿಸಿ, ಅದನ್ನು ಕಂಡಲ್ಲಿ ಹೋಗಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತಯಾರು ಮಾಡುತ್ತದೆ. ಮೊಲದ ರಕ್ತದ ತಿಳಿಯಲ್ಲಿ ಅವು ಸಿಗುತ್ತವೆ. ಆ ತಿಳಿಗೆ ಸೀರಮ್ ಅಂತ ಹೆಸರು. ಸೀರಮನ್ನು ಸ್ಲೈಡಿನ ಮೇಲೆ ಹಾಕಿ, ಮೇಲೊಂದು ಹೊಳೆಯುವ ಬಣ್ಣ ಕಟ್ಟಿದರೆ, ವೈರಸ್ ಹೊಕ್ಕ ಜೀವಕೋಶ ಕತ್ತಲೆಯಲ್ಲಿ ಹಸಿರಾಗಿ ಹೊಳೆಯಬೇಕು. ಆರೋಗ್ಯವಾಗಿರುವ ಕೋಶ ಕಪ್ಪಗಿರಬೇಕು. ಇದು ಲೆಕ್ಕ.

ಒಂದು ಸೋಮವಾರ ಲೆಕ್ಕ ತಪ್ಪಿತು. ವೈರಸ್ಸಿನ ಗಾಳಿಯೂ ಸೋಕದ, ಆರೋಗ್ಯವಾಗಿದ್ದ ಕುರಿಯ ಕೋಶಗಳ ಸ್ಲೈಡು ಹೊಳೆಯಿತು. ಜೋರಾಗಿ ಏನಲ್ಲ. ಮುಚ್ಚಿದ ಬಾಗಿಲ ಸಂದಿಯಿಂದ ಬೆಳಕು ಬಂದ ಹಾಗೆ, ಕೋಶದ ಅಂಚಿಗೆ ಮಾತ್ರ ಒಂದು ಹಸಿರು ಗೆರೆ. ಸ್ಲೈಡಕ್ಕ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಇತ್ತು. ಬೇರೆಯವರಾಗಿದ್ದರೆ ಆ ಸ್ಲೈಡನ್ನು ಮೆಲ್ಲಗೆ ಕಸಕ್ಕೆ ಹಾಕಿ ಹೊಸದು ಮಾಡುತ್ತಿದ್ದರು. ಇವಳು ಕಂಡದ್ದನ್ನು ಕಂಡ ಹಾಗೇ ರಿಜಿಸ್ಟರಿನಲ್ಲಿ ಬರೆದಳು.

ಬರೆದದ್ದೇ ತಪ್ಪಾಯಿತು. ಮೇಲ್ವಿಚಾರಣೆಗೆ ಹೊಸದಾಗಿ ಬಂದಿದ್ದ ಒಬ್ಬ ಡಾಕ್ಟರಿದ್ದರು, ಚಿಕ್ಕ ವಯಸ್ಸು, ದಪ್ಪ ಕನ್ನಡಕ. ನಾವೆಲ್ಲ ಕನ್ನಡಕ ಅಂತಲೇ ಕರೆಯುತ್ತಿದ್ದೆವು, ಬೆನ್ನ ಹಿಂದೆ. ಕೆಟ್ಟವರಲ್ಲ, ಅವಸರದವರು. ಅವರು ಆ ಪುಟ ನೋಡಿದವರೇ ಕೆಂಪು ಶಾಯಿಯಲ್ಲಿ ಪಕ್ಕದಲ್ಲಿ ಬರೆದರು, ಬೆರಕೆ. ಅಂದರೆ ಮೊಲಕ್ಕೆ ಚುಚ್ಚಿದ ಪ್ರೋಟೀನನ್ನು ಸ್ಲೈಡಕ್ಕ ಸರಿಯಾಗಿ ತೊಳೆದಿಲ್ಲ, ಕುರಿಯ ಕೋಶದ ಚೂರುಪಾರು ಅದರಲ್ಲಿ ಉಳಿದಿತ್ತು, ಮೊಲ ಅದಕ್ಕೂ ಪ್ರತಿಕಾಯ ಮಾಡಿದೆ, ಅದಕ್ಕೇ ಅಂಚು ಹೊಳೆಯುತ್ತಿದೆ ಅಂತ.

ಆ ಕಟ್ಟಡದಲ್ಲಿ ಬೆರಕೆ ಅನ್ನುವುದು ಬೈಗುಳಕ್ಕಿಂತ ದೊಡ್ಡ ಮಾತು. ಒಂದು ಸಲ ಬೆರಕೆ ಮಾಡಿದವರ ಹಿಂದಿನ ಸ್ಲೈಡುಗಳ ಮೇಲೂ ಅನುಮಾನ ಬೀಳುತ್ತದೆ. ಹತ್ತೊಂಬತ್ತು ವರ್ಷದ ಸ್ಲೈಡುಗಳು ರೀ, ಕಪಾಟುಗಟ್ಟಲೆ. ಕನ್ನಡಕ ಒಂದು ಕಾಗದ ಟೈಪು ಮಾಡಿಸಿ ತಂದುಕೊಟ್ಟರು. ತಪ್ಪು ನನ್ನಿಂದ ಆಗಿದೆ, ಒಪ್ಪಿಕೊಂಡಿದ್ದೇನೆ, ಕೆಳಗೆ ರುಜುವಿಗೆ ಜಾಗ. ಶನಿವಾರದೊಳಗೆ ರುಜು ಹಾಕಿದರೆ ಸೀಸೆ ತೊಳೆಯುವ ವಿಭಾಗಕ್ಕೆ ವರ್ಗ, ಅಷ್ಟಕ್ಕೇ ಮುಗಿಯುತ್ತದೆ. ಹಾಕದಿದ್ದರೆ ವಿಚಾರಣೆ.

ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋದಳು. ಅತ್ತೆ ಎಂದಿನ ಹಾಗೆ ಎಷ್ಟು ಒಡೆದೆ ಅಂದರು. ಇವಳು ಕಾಗದ ಓದಿ ಹೇಳಿದಳು. ಆ ಮುದುಕಿ ಕೇಳಿದರಂತೆ, "ತೊಳೆದಿದ್ದೆಯೋ ಇಲ್ಲವೋ?"

"ಮೂರು ಸಲ ತೊಳೆದಿದ್ದೆ ಅತ್ತೆ."

"ಹಾಗಾದ್ರೆ ರುಜು ಯಾಕೆ? ಮಾಡದ ತಪ್ಪಿಗೆ ಕೈ ಒಡ್ಡಿದ್ರೆ ನಾಳೆ ಮಾಡಿದ ಕೆಲಸಾನೂ ನಿಂದಲ್ಲ ಅಂತಾರೆ."

ಹೇಳುವುದು ಸುಲಭ. ಸ್ಲೈಡಕ್ಕನಿಗೆ ಕಷ್ಟ ಇದ್ದದ್ದು ಬೇರೆ ಕಡೆ. ಮೂರು ಸಲ ತೊಳೆದದ್ದು ಅವಳಿಗೆ ಗೊತ್ತು, ಅಂಚು ಹೊಳೆದದ್ದೂ ಗೊತ್ತು. ಎರಡೂ ನಿಜವಾದರೆ ನಡುವೆ ಇರುವುದು ಏನು? ಸುಳ್ಳು ಹೇಳುತ್ತಿರುವುದು ತನ್ನ ಕೈಯೋ ಕಣ್ಣೋ ಎಂದು ಎರಡು ದಿನ ತನ್ನನ್ನೇ ತಾನು ಜಾಲಾಡಿದಳು. ಊಟ ಸೇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ನಗುತ್ತೇವಲ್ಲ, ಕದಿಯದವನೂ ಮುಟ್ಟಿ ನೋಡಿಕೊಳ್ಳುತ್ತಾನೆ, ಅದು ನಗುವವರಿಗೆ ಗೊತ್ತಿರುವುದಿಲ್ಲ.

ಬುಧವಾರ ಮಧ್ಯಾಹ್ನ ಕೆಳಗೆ ಗಲಾಟೆ ಕೇಳಿಸಿತು. ಇಳಿದು ಬಂದು ನೋಡಿದರೆ ಮಾವನನ್ನು ಕನ್ನಡಕ ಬೈಯುತ್ತಿದ್ದಾರೆ. ಯಾವನೋ ಗಾಜಿನ ಸಾಮಾನು ಮಾರುವವನು ಒಳಗೆ ನುಗ್ಗಿ, ಮೊದಲ ಅಂತಸ್ತಿನ ಎಲ್ಲ ಕೋಣೆ ಸುತ್ತಿ, ಕೊನೆಗೆ ಮೊಲದ ಗೂಡಿನ ಹತ್ತಿರ ನಿಂತು ಮೊಲಗಳಿಗೆ ಹುಲ್ಲು ತಿನ್ನಿಸುತ್ತಾ ಸಿಕ್ಕಿಬಿದ್ದಿದ್ದ. ಹೊರಗಿನ ಕೈ ಆ ಗೂಡಿಗೆ ಸೋಕಿದರೆ ಇಡೀ ಕೆಲಸ ಹಾಳು. ಕನ್ನಡಕಕ್ಕೆ ಕೋಪ ಬಂದದ್ದು ನ್ಯಾಯವೇ.

"ಯಾರು ಬಂದ್ರೂ ಬಿಟ್ಟುಬಿಡೋದಾ? ನಿಮ್ಮನ್ನ ಇಲ್ಲಿ ಕೂರಿಸಿರೋದು ಯಾತಕ್ಕೆ?"

ಮಾವ ತಣ್ಣಗೆ ಹೇಳಿದ, "ಯಾರದು ಅಂದೆ ಸಾರ್. ನಾನೇ ಅಂದ. ನೀವೂ ದಿನಾ ನಾನೇ ಅಂದ್ಕೊಂಡೇ ಬರೋದು."

"ನನ್ನ ಧ್ವನಿಗೂ ಅವನ ಧ್ವನಿಗೂ ವ್ಯತ್ಯಾಸ ಗೊತ್ತಾಗಲ್ವಾ?"

"ಧ್ವನಿ ಯಾರು ನೋಡ್ತಾರೆ ಸಾರ್? ನಮ್ಮೋರು ಊಟ ಮುಗಿಸ್ಕೊಂಡು ಬರುವಾಗ ಒಂದು ಸಲ ಕೆಮ್ಮಿ, ಎಳೆದು, ಬೇಜಾರಿನಲ್ಲಿ ನಾನೇ ಅಂತಾರೆ. ಇವನೂ ಕೆಮ್ಮಿದ, ಎಳೆದ, ಬೇಜಾರು ಮಾಡ್ಕೊಂಡ. ನಂಗೆ ಬೇಕಿದ್ದಿದ್ದು ಅಷ್ಟೇ."

ಅಲ್ಲಿದ್ದವರೆಲ್ಲ ನಕ್ಕರು. ಸ್ಲೈಡಕ್ಕನೂ ನಕ್ಕಳು, ಎರಡು ದಿನದಲ್ಲಿ ಮೊದಲ ಸಲ. ಆ ನಗು ಅರ್ಧಕ್ಕೇ ನಿಂತಿತು. ಆ ಮಾರುವವನು ಮಾವನ ಹಾಗೂ ಇರಲಿಲ್ಲ, ಕನ್ನಡಕದ ಹಾಗೂ ಇರಲಿಲ್ಲ. ಮುಖ, ಎತ್ತರ, ಬಟ್ಟೆ, ಒಂದೂ ಈ ಕಟ್ಟಡದ್ದಲ್ಲ. ಬಾಗಿಲ ಹೊರಗೆ ನಾಲ್ಕು ದಿನ ನಿಂತು ಕಾವಲಿನವನು ಏನನ್ನು ಕೇಳಿಸಿಕೊಳ್ಳುತ್ತಾನೋ ಅಷ್ಟನ್ನು ಮಾತ್ರ ಕಲಿತಿದ್ದ. ಒಂದು ಕೆಮ್ಮು, ಒಂದು ನಾನೇ.

ಅವಳು ಮೆಟ್ಟಿಲ ಮೇಲೇ ಕೂತುಬಿಟ್ಟಳು. ಮೈಯೊಳಗೂ ಕಾವಲು ಇರುತ್ತದೆ ಎಂದು ಇಡೀ ಪ್ರಯೋಗಾಲಯ ನಡೆಸುತ್ತಿದ್ದ ದೊಡ್ಡ ಡಾಕ್ಟರು ಹೊಸಬರಿಗೆ ಪಾಠ ಹೇಳುವಾಗ ಅವಳು ಎಷ್ಟೋ ಸಲ ಪಕ್ಕದಲ್ಲಿ ಸ್ಲೈಡು ಒರೆಸುತ್ತಾ ಕೇಳಿದ್ದಳು. ರಕ್ತದಲ್ಲಿ ಕೆಲವು ಪ್ರೋಟೀನುಗಳು ಗಸ್ತು ತಿರುಗುತ್ತವೆ. ಪರಕೀಯ ಯಾವುದು ಸಿಕ್ಕಿದರೂ ಮೇಲೆ ಬಿದ್ದು ತೂತು ಕೊರೆಯುತ್ತವೆ. ತಮ್ಮದೇ ಕೋಶಕ್ಕೆ ತೂತು ಬೀಳದಿರಲಿ ಎಂದು ಪ್ರತಿ ಕೋಶವೂ ಮೈಮೇಲೆ ಒಂದು ಪ್ರೋಟೀನು ತೊಟ್ಟಿರುತ್ತದೆ. ಗಸ್ತಿನವರು ಬಂದರೆ ಅದು ತಡೆದು, ನಾನು ಮನೆಯವನೇ, ಮುಂದೆ ಹೋಗಿ ಅನ್ನುತ್ತದೆ. ಎಲ್ಲಿ ತೊಟ್ಟಿರುತ್ತದೆ? ಹೊರಗೆ, ಕೋಶದ ಚರ್ಮದ ಮೇಲೆ. ಅಂಚಿನಲ್ಲಿ!

ವೈರಸ್ಸಿನ ಆ ಪ್ರೋಟೀನು ಕುರಿಯ ಈ ಪ್ರೋಟೀನಿನ ಹಾಗೆ ವೇಷ ಹಾಕಿದ್ದರೆ? ವೈರಸ್ಸೂ ಒಂದು ಕೆಮ್ಮು ಕೆಮ್ಮಿ ನಾನೇ ಅಂದಿದ್ದರೆ? ಆಗ ಮೊಲ ವೈರಸ್ಸನ್ನು ಹಿಡಿಯಲೆಂದು ಮಾಡಿದ ಪ್ರತಿಕಾಯವೇ ಹೋಗಿ ಕುರಿಯ ಅಂಚನ್ನೂ ಹಿಡಿಯುತ್ತದೆ. ಬೆರಕೆ ಬೇಕಾಗಿಯೇ ಇಲ್ಲ.

ಹೊಳೆಯಿತು ಸರಿ, ತೋರಿಸುವುದು ಹೇಗೆ? ಅವಳ ಯುಕ್ತಿ ಕೇಳಿ. ದೊಡ್ಡ ಡಾಕ್ಟರು ವರ್ಷಗಳ ಹಿಂದೆ ತಮ್ಮ ಕೈಯಾರೆ ಶುದ್ಧಮಾಡಿದ ಅದೇ ವೈರಸ್ ಪ್ರೋಟೀನು ನಾನು ಸಾಕುತ್ತಿದ್ದ ಹಳೆಯ ಫ್ರೀಜರಿನ ತಳದಲ್ಲಿತ್ತು. ಇವಳ ಕೈ ಸೋಕದ ಪ್ರೋಟೀನು. ಅದು ತಯಾರಾದದ್ದೂ ಕುರಿಯ ಕೋಶದಲ್ಲಲ್ಲ, ಬೇರೆ ಪ್ರಾಣಿಯ ಕೋಶದಲ್ಲಿ, ಹಾಗಾಗಿ ಅದರಲ್ಲಿ ಕುರಿಯ ಚೂರು ಇರುವ ಪ್ರಶ್ನೆಯೇ ಇಲ್ಲ. ಅದನ್ನು ಬೇಕಾದಷ್ಟು ಹಾಕಿ ಸೀರಮನ್ನು ನೆನೆಸಿಟ್ಟರೆ, ವೈರಸ್ಸನ್ನು ಹಿಡಿಯುವ ಪ್ರತಿಕಾಯಗಳೆಲ್ಲ ಅದಕ್ಕೇ ಅಂಟಿಕೊಂಡು ಕೈ ಖಾಲಿ ಇಲ್ಲದೆ ಕೂತುಬಿಡುತ್ತವೆ. ಆಮೇಲೆ ಆ ಸೀರಮನ್ನು ಆರೋಗ್ಯದ ಕೋಶದ ಮೇಲೆ ಹಾಕುವುದು. ಅಂಚು ಹೊಳೆಯಿತೋ, ಅದು ಬೆರಕೆಯಿಂದ ಹುಟ್ಟಿದ ಬೇರೆ ಪ್ರತಿಕಾಯ, ಕನ್ನಡಕ ಹೇಳಿದ್ದೇ ಸರಿ, ಅವಳು ರುಜು ಹಾಕುತ್ತಾಳೆ. ಅಂಚು ಕಪ್ಪಾಯಿತೋ, ಎರಡನ್ನೂ ಹಿಡಿಯುತ್ತಿದ್ದದ್ದು ಒಂದೇ ಕೈ.

ಇನ್ನೊಂದು ಭಯ ಅವಳಿಗೆ. ಯಾವ ಸ್ಲೈಡು ಯಾವುದೆಂದು ಗೊತ್ತಿದ್ದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡೀತು. ಅದಕ್ಕೆ ಮಾವನನ್ನು ಹಿಡಿದಳು. ಎರಡು ನಳಿಕೆ, ಒಂದರಲ್ಲಿ ಪ್ರೋಟೀನಿನಲ್ಲಿ ನೆನೆಸಿದ ಸೀರಮು, ಇನ್ನೊಂದರಲ್ಲಿ ಬರೀ ಉಪ್ಪುನೀರಿನಲ್ಲಿ ನೆನೆಸಿದ್ದು. ಅವಳ ಬರಹ ಮುಚ್ಚುವ ಹಾಗೆ ಮಾವ ಚೀಟಿ ಅಂಟಿಸಿ ಗುರುತು ಹಾಕಬೇಕು, ಯಾವುದಕ್ಕೆ ಯಾವ ಗುರುತು ಎಂದು ಅವಳಿಗೆ ಹೇಳಬಾರದು. ಮಾವನಿಗೆ ಬರೆಯುವುದೆಂದರೆ ಅಷ್ಟಕ್ಕಷ್ಟೇ. ಒಂದಕ್ಕೆ ಕೊಡೆಯ ಚಿತ್ರ ಬರೆದ, ಇನ್ನೊಂದಕ್ಕೆ ಚಪ್ಪಲಿ.

ಗುರುವಾರ ನೋಡಿದಳು. ಚಪ್ಪಲಿ ಹೊಳೆಯಿತು, ಕೊಡೆ ಕಪ್ಪು. ಶುಕ್ರವಾರ ಮಾವ ಚಿತ್ರ ಅದಲು ಬದಲು ಮಾಡಿದ, ಅವಳಿಗೆ ಹೇಳದೆ. ಕೊಡೆ ಹೊಳೆಯಿತು, ಚಪ್ಪಲಿ ಕಪ್ಪು. ಮಾವ ಜೇಬಿನಿಂದ ತನ್ನ ಚೀಟಿ ತೆಗೆದು ತೋರಿಸಿದ. ಎರಡು ದಿನವೂ ಕಪ್ಪಾದದ್ದು ಪ್ರೋಟೀನಿನಲ್ಲಿ ನೆನೆಸಿದ್ದೇ.

ಬಂದು ನೋಡಿ ಎಂದು ಸ್ಲೈಡಕ್ಕ ಹೇಳಿಕಳಿಸಿದ್ದಕ್ಕೆ ಶನಿವಾರ ಬೆಳಿಗ್ಗೆ ದೊಡ್ಡ ಡಾಕ್ಟರೂ ಕನ್ನಡಕವೂ ಬರುವುದಿತ್ತು. ಹತ್ತು ಗಂಟೆಯಾಯಿತು, ಹತ್ತೂವರೆಯಾಯಿತು, ಯಾರೂ ಇಲ್ಲ. ಸ್ಲೈಡಕ್ಕ ದೀಪ ಹಚ್ಚಿ ಕಾಯುತ್ತಿದ್ದಾಳೆ, ಆರಿಸುವ ಹಾಗಿಲ್ಲ. ಕೊನೆಗೆ ಇಳಿದು ಬಂದರೆ, ಇಬ್ಬರೂ ಬಾಗಿಲ ಹೊರಗೆ ನಿಂತಿದ್ದಾರೆ. ಬುಧವಾರ ಬೈಸಿಕೊಂಡ ಮೇಲೆ ಮಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದ. ನಾನೇ ಅಂದವರನ್ನು ಬಿಡುವುದೇ ಇಲ್ಲ, ಗುರುತಿನ ಚೀಟಿ ತೋರಿಸಿ ಅನ್ನುತ್ತಿದ್ದ. ಕನ್ನಡಕ ಚೀಟಿ ಮನೆಯಲ್ಲಿ ಬಿಟ್ಟು ಬಂದಿದ್ದರು. ಬುಧವಾರದ ಮೇಲೆ ಅಂದೇ ಮೊದಲ ಸಲ ಬಂದಿದ್ದ ದೊಡ್ಡ ಡಾಕ್ಟರಿಗಂತೂ ಇಪ್ಪತ್ತೈದು ವರ್ಷದಲ್ಲಿ ಚೀಟಿ ಎಂಬುದೇ ಇರಲಿಲ್ಲ. ಹಿಂದಿನ ದಿನ ಮೊಲಗಳ ಹುಲ್ಲಿನವನನ್ನೂ ಹಾಗೇ ವಾಪಸು ಕಳಿಸಿದ್ದ, ಮೊಲಗಳು ಅರೆಹೊಟ್ಟೆ. ಕಾವಲು ಬಿಗಿಯಾದದ್ದೇ ಮನೆಯವರಿಗೇ ಒದೆ ಬೀಳಲು ಶುರುವಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಸ್ಲೈಡಕ್ಕ ಹೇಳಿದ ಮೇಲೆ ಮಾವ ಚಿಲಕ ತೆಗೆದ. ಮೆಟ್ಟಿಲು ಹತ್ತುತ್ತಾ ದೊಡ್ಡ ಡಾಕ್ಟರು ನಗುತ್ತಿದ್ದರು. ಕನ್ನಡಕ ನಗುತ್ತಿರಲಿಲ್ಲ.

ಕತ್ತಲೆ ಕೋಣೆಯಲ್ಲಿ ದೊಡ್ಡ ಡಾಕ್ಟರು ಬಹಳ ಹೊತ್ತು ನೋಡಿದರು. ಪರದೆಯ ಆಚೆ ಮಾವ ಚೀಟಿ ಹಿಡಿದು ಸಾಕ್ಷಿಯ ಹಾಗೆ ನಿಂತಿದ್ದ. ಕೊಡೆ, ಚಪ್ಪಲಿ ಎಂದು ಆ ದೊಡ್ಡ ಮನುಷ್ಯ ಗಂಭೀರವಾಗಿ ಹೇಳುತ್ತಿದ್ದದ್ದು ಹೊರಗಿದ್ದ ನಮಗೆಲ್ಲ ಕೇಳಿಸುತ್ತಿತ್ತು. ಕನ್ನಡಕ ಒಪ್ಪಲಿಲ್ಲ. ಇನ್ನೊಮ್ಮೆ ಆಗಬೇಕು, ನನ್ನ ಮುಂದೆ ಆಗಬೇಕು, ಗುರುತು ನಾನೇ ಹಾಕುತ್ತೇನೆ ಅಂದರು. ಸ್ಲೈಡಕ್ಕ ಇಲ್ಲವೆನ್ನಲಿಲ್ಲ. ಹೊಸ ಸ್ಲೈಡು, ಹೊಸ ನಳಿಕೆ, ಮೊದಲಿನಿಂದ. ಅವರು ಊಟಕ್ಕೂ ಏಳದೆ ಪಕ್ಕದಲ್ಲೇ ಕೂತರು. ಸಂಜೆ ನಾಲ್ಕಕ್ಕೆ ಪರದೆ ಎಳೆದು ತಾವೇ ಮೊದಲು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನೆನೆಸಿದ್ದು ಕಪ್ಪು.

"ಅಂದ್ರೆ ಒಂದೇ ಪ್ರತಿಕಾಯ, ಎರಡನ್ನೂ ಹಿಡೀತಿದೆ," ಎಂದು ಮೆಲ್ಲಗೆ ಅಂದರು.

"ಹೌದು ಸಾರ್. ವೈರಸ್ಸು ನಮ್ಮ ಕುರಿಯ ಥರಾನೇ ನಾನೇ ಅಂತಿದೆ."

"ಹಾಗಿದ್ರೆ ಮೈಯಲ್ಲಿರೋ ಕಾವಲು ನಾನೇ ಅನ್ನೋರನ್ನೆಲ್ಲ ಹಿಡಿದು ಹೊಡೀಬಹುದಲ್ಲ?"

ಸ್ಲೈಡಕ್ಕ ಪರದೆಯ ಕಡೆ ನೋಡಿದಳು. "ಬೆಳಿಗ್ಗೆ ಬಾಗಿಲ ಹೊರಗೆ ನಿಂತಿದ್ದೋರು ಯಾರು ಸಾರ್?"

ದೊಡ್ಡ ಡಾಕ್ಟರು ಕತ್ತಲೆಯಲ್ಲೇ ಜೋರಾಗಿ ನಕ್ಕರು. ಈ ಸಲ ಕನ್ನಡಕವೂ ನಕ್ಕರು.

ಆಮೇಲೆ ಎರಡು ವರ್ಷ ಆ ಕೆಲಸ ನಡೆಯಿತು. ಪ್ರೋಟೀನು ಅಂದರೆ ಮಣಿ ಪೋಣಿಸಿದ ಸರ, ಒಂದೊಂದು ಬಗೆಯ ಮಣಿಗೆ ಒಂದೊಂದು ಅಕ್ಷರ. ಎರಡೂ ಪ್ರೋಟೀನುಗಳ ಆ ಅಕ್ಷರಮಾಲೆಯನ್ನು ಉದ್ದನೆಯ ಕಾಗದದ ಪಟ್ಟಿಗಳಲ್ಲಿ ಬರೆದು, ಮೇಜಿನ ಮೇಲೆ ಒಂದರ ಪಕ್ಕ ಒಂದು ಸರಿಸಿ ಸರಿಸಿ ನೋಡುತ್ತಿದ್ದರು. ಅಕ್ಷರಗಳು ಬಹಳ ಕಡೆ ಬೇರೆ ಬೇರೆಯೇ. ಆದರೆ ಪ್ರೋಟೀನನ್ನು ಮಡಚಿ ಕಟ್ಟುವ ಗಂಟುಗಳು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟಷ್ಟೇ ದೂರದಲ್ಲಿದ್ದವು. ಆಕಾರ ಬಂದರೆ ಸಾಕಿತ್ತು ವೈರಸ್ಸಿಗೆ, ಊರಿನ ವಿಳಾಸವೆಲ್ಲ ಬೇಕಿರಲಿಲ್ಲ.

ಅದಿರಲಿ, ಆ ಶನಿವಾರದ ಸಂಜೆಗೆ ಬನ್ನಿ. ಕನ್ನಡಕ ರಿಜಿಸ್ಟರು ತರಿಸಿ, ಸೋಮವಾರದ ಪುಟ ತೆಗೆದು, ತಾವು ಬರೆದಿದ್ದ ಕೆಂಪು ಅಕ್ಷರದ ಮೇಲೆ ಅಡ್ಡಗೆರೆ ಎಳೆಯಲು ಪೆನ್ನು ಎತ್ತಿದರು. ಸ್ಲೈಡಕ್ಕ ಕೈ ಅಡ್ಡ ಇಟ್ಟಳು.

"ಅಳಿಸಬೇಡಿ ಸಾರ್. ನೀವು ಆವತ್ತು ಹಾಗೆ ಅಂದ್ಕೊಂಡಿದ್ದು ನಿಜ. ಅದೂ ಇರ್ಲಿ. ಪೆನ್ನು ಕೊಡಿ."

ಕೆಂಪು ಬೆರಕೆಯ ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಬರೆದಳು: ಮತ್ತೆ ಮಾಡಿ ನೋಡಿದೆ, ಮೂರು ಸಲ. ಬೆರಕೆಯಲ್ಲ, ಹೋಲಿಕೆ. ಬರೆದು ಕೆಳಗೆ ರುಜು ಹಾಕಿದಳು. ಟೈಪು ಮಾಡಿದ ಆ ಇನ್ನೊಂದು ಕಾಗದವನ್ನು ಬ್ಯಾಗಿನಿಂದ ತೆಗೆದು ಮಡಿಕೆ ಬಿಡಿಸದೆ ಕನ್ನಡಕದ ಕೈಗೆ ಕೊಟ್ಟಳು. ಅವರು ಅದನ್ನು ಓದಲೂ ಇಲ್ಲ, ಹರಿಯಲೂ ಇಲ್ಲ, ಜೇಬಿನಲ್ಲಿಟ್ಟುಕೊಂಡರು. ಸೋಮವಾರ ಅವಳು ಎಂದಿನ ಹಾಗೆ ದೀಪ ಹಚ್ಚಿ ಕಾಲು ಗಂಟೆ ಕಾದಳು. ಇನ್ನೂ ಹದಿಮೂರು ವರ್ಷ ಆ ಕೋಣೆ ಅವಳದೇ ಆಗಿತ್ತು.

ದೊಡ್ಡವರು ಬರೆದ ಪ್ರಬಂಧದಲ್ಲಿ ಅವಳ ಹೆಸರಿಲ್ಲ. ಆಗೆಲ್ಲ ಹಾಕುತ್ತಿರಲಿಲ್ಲ. ಇದ್ದದ್ದು ಆ ರಿಜಿಸ್ಟರಿನಲ್ಲಿ ಮಾತ್ರ. ಕಟ್ಟಡ ಕೆಡವುವಾಗ ಅದು ಹಳೇ ಕಾಗದದ ಜೊತೆ ಗಾಡಿ ಹತ್ತಿತು. ಫ್ರೀಜರು ಇಳಿಸಿಕೊಳ್ಳಲು ಹೋಗಿದ್ದ ನಾನು ಕಣ್ಣಾರೆ ನೋಡಿದೆ, ತಡೆಯುವಷ್ಟು ಬುದ್ಧಿ ಆಗ ಬರಲಿಲ್ಲ. ಈಗ ಹೋದ ತಿಂಗಳು ಸ್ಲೈಡಕ್ಕನೂ ಹೋದಳು. ಅದಕ್ಕೇ ಇಷ್ಟು ಉದ್ದ ಮಾತಾಡಿದ್ದು. ನಿಮ್ಮ ಮಕ್ಕಳು ಮೊಮ್ಮಕ್ಕಳಲ್ಲಿ ಯಾರಾದರೂ ಇಂಥ ಕೋಣೆಯಲ್ಲಿ ಕೂತು ಕೆಲಸ ಮಾಡುವವರಿದ್ದರೆ ಅವರಿಗೆ ಇದನ್ನು ಕಳಿಸಿ. ಉದ್ದವಾಯಿತೆಂದು ಅರ್ಧಕ್ಕೆ ಕತ್ತರಿಸಬೇಡಿ. ಕಂಡದ್ದನ್ನು ಕಂಡ ಹಾಗೇ ಬರೆದವಳೊಬ್ಬಳು ಇದ್ದಳು ಅಂತ ಹೇಳಿ, ಅವರೂ ಇನ್ನೊಬ್ಬರಿಗೆ ಹೇಳಲಿ.